ಕಲ್ಪಿಟಿಯದ ಹಿನ್ನೀರಿನಲ್ಲಿ ಆರು ದಿನ: ಸಪಾಟು ನೀರು, ಹೊರಕ್ಕೆ ಬೀಸುವ ಗಾಳಿ

ಮೊದಲ ದಿನ: ಕಟುನಾಯಕದಿಂದ ಪಾಲಾವಿ ದಾಟಿ

ಶ್ರೀಲಂಕೆಯ ವಾಯವ್ಯ ಕರಾವಳಿಯ ಕಲ್ಪಿಟಿಯಕ್ಕೆ ಜನ ಹೋಗುವುದು ಕೈಟ್ ಸರ್ಫಿಂಗಿಗೆ, ಅಂದರೆ ದೊಡ್ಡ ಗಾಳಿಪಟದ (ಕೈಟ್) ಎಳೆತದಲ್ಲಿ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಓಡುವ ಆಟಕ್ಕೆ. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನವಿದೆ, ಒಂದೂವರೆ ಗಂಟೆಯ ಹಾದಿ. ಗಡಿಯಾರ ತಿರುಗಿಸುವ ಕೆಲಸವೂ ಇಲ್ಲ. ಇಳಿಯುವುದು ಕೊಲಂಬೊದಲ್ಲಲ್ಲ, ಅದರ ಉತ್ತರಕ್ಕಿರುವ ಕಟುನಾಯಕದಲ್ಲಿ. ಕಲ್ಪಿಟಿಯಕ್ಕೆ ಹೊರಟವರಿಗೆ ಇದೇ ಒಳ್ಳೆಯದಾಯಿತು, ನಗರದ ಟ್ರಾಫಿಕ್ಕಿಗೆ ಸಿಕ್ಕಿಕೊಳ್ಳದೆ ನೆಗೊಂಬೊ, ಚಿಲಾವ್ ಮೇಲಾಗಿ ಪುತ್ತಲಂ ರಸ್ತೆ ಹಿಡಿಯಬಹುದು. ಪುತ್ತಲಂಗೆ ಸ್ವಲ್ಪ ಮುಂಚೆ ಪಾಲಾವಿ ಜಂಕ್ಷನ್ನಿನಲ್ಲಿ ಎಡಕ್ಕೆ ತಿರುಗಿದರೆ ರಸ್ತೆ ನೇರ ಪರ್ಯಾಯ ದ್ವೀಪದ ಮೇಲೆ ಸಾಗುತ್ತದೆ. ಒಟ್ಟು ಮೂರರಿಂದ ಮೂರೂವರೆ ಗಂಟೆ. ಕಾರು ಗೊತ್ತು ಮಾಡುವಾಗ ಬ್ಯಾಗಿನ ಉದ್ದ ಮೊದಲೇ ಹೇಳಬೇಕು. 140 ಸೆಂಟಿಮೀಟರಿನ ಬೋರ್ಡ್ ಬ್ಯಾಗ್ ಎರಡಿದ್ದರೆ ಸಣ್ಣ ಕಾರಿನಲ್ಲಿ ಹಿಂದಿನ ಸೀಟು ಮಡಚಬೇಕಾಗುತ್ತದೆ, ಆಗ ಜನ ಕೂರಲು ಜಾಗವಿರುವುದಿಲ್ಲ. ವ್ಯಾನ್ ಹೇಳುವುದೇ ಲೇಸು.

ಪಾಲಾವಿ ದಾಟಿದ ಮೇಲೆ ಕಿಟಕಿಯಾಚೆ ನೋಡಿಕೊಂಡು ಹೋಗಿ. ಪುತ್ತಲಂ ಸುತ್ತಿನ ಉಪ್ಪಿನ ಗದ್ದೆಗಳು, ಸಾಲಾಗಿ ನಿಂತ ಗಾಳಿಯಂತ್ರಗಳು, ನೊರೊಚ್ಚೋಲೈ ಉಷ್ಣ ಸ್ಥಾವರದ ಚಿಮಣಿ. ಉಪ್ಪು ಬೆಳೆಯುವ ಊರೆಂದರೆ ಮಳೆ ಕಡಿಮೆ, ಬಿಸಿಲು ಗಾಳಿ ಜಾಸ್ತಿ ಎಂದು ಬೇರೆ ಯಾರೂ ಹೇಳಬೇಕಿಲ್ಲ. ಚಿಮಣಿಯ ಹೊಗೆ ಯಾವ ಕೋನದಲ್ಲಿ ಬಾಗಿದೆ ಎಂಬುದರಲ್ಲಿ ಅಂದಿನ ಗಾಳಿಯ ದಿಕ್ಕೂ ಸಿಗುತ್ತದೆ.

ನಮ್ಮ ಕರಾವಳಿಗೂ ಇದೇ ನೈಋತ್ಯ ಮಾರುತ ಬಡಿಯುತ್ತದೆ. ಕೋಡಿ ಬೆಂಗ್ರೆಯಂಥ ಮರಳಿನ ನಾಲಗೆಗಳೂ ನಮ್ಮಲ್ಲಿವೆ. ಆದರೆ ನಮ್ಮಲ್ಲಿ ಗಾಳಿಯ ಜೊತೆಗೇ ಮಳೆಮೋಡ ಬರುತ್ತದೆ, ಹತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಇದ್ದ ಗಾಳಿ ಒಂದು ಮೋಡದಡಿ ಮೂವತ್ತಕ್ಕೇರಿ ಮತ್ತೆ ಸತ್ತುಹೋಗುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್, ಜುಲೈನಲ್ಲಿ ನಿಷೇಧವಿರುವುದರಿಂದ ತುರ್ತಿಗೆ ದೋಣಿಯೂ ಸುಲಭಕ್ಕೆ ಸಿಗದು. ಕಲ್ಪಿಟಿಯ ಲಂಕೆಯ ಒಣ ವಲಯದಲ್ಲಿದೆ. ಮಾರುತದ ಮಳೆ ಬಹುಪಾಲು ದ್ವೀಪದ ನೈಋತ್ಯ ಭಾಗದಲ್ಲೇ ಸುರಿದು ಮುಗಿಯುತ್ತದೆ, ಇಲ್ಲಿಗೆ ಒಣ ಗಾಳಿ ಬರುತ್ತದೆ. ಭಾರತಕ್ಕೂ ಲಂಕೆಗೂ ನಡುವಿನ ಇಕ್ಕಟ್ಟಿಗೆ ನುಗ್ಗುವಾಗ ಅದರ ವೇಗವೂ ಏರುತ್ತದೆ. ಮೇಯಿಂದ ಅಕ್ಟೋಬರ್‌ವರೆಗಿನ ಋತುವಿನಲ್ಲಿ 18ರಿಂದ 25 ನಾಟ್ ಇಲ್ಲಿ ಮಾಮೂಲಿ. ಡಿಸೆಂಬರ್ ನಡುವಿನಿಂದ ಮಾರ್ಚ್‌ವರೆಗೆ ಈಶಾನ್ಯದ ಇನ್ನೊಂದು ಋತುವಿದೆ, ಗಾಳಿ ಅಷ್ಟು ಗಟ್ಟಿಯಿಲ್ಲ. ಈ ಕಥನ ಆಗಸ್ಟಿನದು.

ಯಾರಿಗೆ ಹೇಳಿ ಮಾಡಿಸಿದ ಜಾಗ ಎಂದರೆ: ನೀರಿನಿಂದ ಬೋರ್ಡ್ ಮೇಲೆ ತಾವೇ ಏಳಬಲ್ಲ, ಎಡಕ್ಕೂ ಬಲಕ್ಕೂ ಹೋಗಬಲ್ಲ, ಆದರೆ ಹೊರಟ ಜಾಗಕ್ಕೆ ಮರಳಲು ಅರ್ಧ ದಾರಿ ನಡೆದೇ ಬರುವವರಿಗೆ. ಪೂರ್ತಿ ಹೊಸಬರು ಕೈಟ್ ಶಾಲೆಯಲ್ಲಿ ಕಲಿತೇ ನೀರಿಗಿಳಿಯಬೇಕು.

ಎರಡನೆಯ ದಿನ: ಲೈನು, ಪಂಪು, ಮೊದಲ ಸವಾರಿ

ಈ ಪರ್ಯಾಯ ದ್ವೀಪದ ಕಂಡಕುಲಿಯ ಎಂಬ ಊರಿನ ಬಳಿಯ ಹಿನ್ನೀರಿನಲ್ಲಿ ಗಾಳಿ ಸಾಮಾನ್ಯವಾಗಿ ಬೆಳಗಿನ ಹತ್ತರ ಮೇಲೆ ಬಲಿತು ಮಧ್ಯಾಹ್ನ ಗಟ್ಟಿಯಾಗುತ್ತದೆ. ಬೆಳಗಿನ ಹೊತ್ತು ಸಾಮಾನು ಪರೀಕ್ಷೆಗೆ.

ಮೊದಲು ಲೈನುಗಳ, ಅಂದರೆ ಕೈಟನ್ನು ಬಾರಿಗೆ (ಸವಾರ ಕೈಯಲ್ಲಿ ಹಿಡಿಯುವ ಕೋಲು) ಜೋಡಿಸುವ ದಾರಗಳ ಉದ್ದ. ನಾಲ್ಕೂ ಲೈನುಗಳ ತುದಿಯನ್ನು ಒಂದೇ ಗೂಟಕ್ಕೆ ಸಿಕ್ಕಿಸಿ, ಟ್ರಿಮ್ ಪಟ್ಟಿಯನ್ನು (ಮುಂದಿನ ಲೈನುಗಳ ಉದ್ದ ಹೊಂದಿಸಿ ಕೈಟಿನ ಬಲ ಹೆಚ್ಚು ಕಡಿಮೆ ಮಾಡುವ ಪಟ್ಟಿ) ಪೂರ್ತಿ ಪವರ್‌ಗೆ ಬಿಟ್ಟು, ಬಾರನ್ನು ಮೈಕಡೆ ತುದಿಯವರೆಗೆ ಎಳೆಯಿರಿ. ನಾಲ್ಕೂ ಒಂದೇ ಬಿಗಿಯಲ್ಲಿರಬೇಕು. ಹಳೆಯ ಬಾರ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಮುಂದಿನ ಲೈನು ಹಿಗ್ಗಿ, ಹಿಂದಿನವು ಗಿಡ್ಡವಾದಂತಾಗುವುದು. ಸವಾರನ ಭಾರವೆಲ್ಲ ಮುಂದಿನ ಲೈನುಗಳ ಮೇಲೇ ಬೀಳುವುದರಿಂದ ಹೀಗಾಗುತ್ತದೆ. ಅಂಥ ಬಾರ್‌ನಲ್ಲಿ ಕೈಟ್ ಆಕಾಶದಲ್ಲಿ ಮುಂದೆ ಸಾಗದೆ ಹಿಂದಕ್ಕೆ ಜಾರಿ ನೀರಿಗೆ ಬೀಳುತ್ತದೆ, ಸವಾರ ಗಾಳಿಯನ್ನು ಬೈಯುತ್ತಾನೆ. ಹಿಂದಿನ ಲೈನುಗಳನ್ನು ಕೈಟ್‌ನ ತುದಿಯ ಹುರಿಯಲ್ಲಿ ಒಂದು ಗಂಟು ಹೊರಕ್ಕೆ ಹಾಕಿದರೆ ಸರಿಹೋಗುತ್ತದೆ. ಎರಡೂ ಬದಿಗೆ ಒಂದೇ ಗಂಟು, ಇಲ್ಲದಿದ್ದರೆ ಕೈಟ್ ಸದಾ ಒಂದೇ ಕಡೆ ಎಳೆಯುತ್ತದೆ.

ಅಳತೆಯ ಮಾತು. 75 ಕಿಲೋ ತೂಕದವರಿಗೆ 18ರಿಂದ 24 ನಾಟ್‌ಗೆ 9 ಚದರ ಮೀಟರಿನ ಕೈಟ್, ಅದರ ಕೆಳಗಿನ ಗಾಳಿಗೆ 12, ಮೇಲಿನದಕ್ಕೆ 7. 60 ಕಿಲೋದವರು ಒಂದೂವರೆ ಎರಡು ಮೀಟರ್ ಚಿಕ್ಕದು ಹಿಡಿಯಬೇಕು. ಆಗಸ್ಟಿನಲ್ಲಿ ಒಂದೇ ಕೈಟ್ ತರುವುದಿದ್ದರೆ 9. ಬೋರ್ಡ್ 138 ಸೆಂಟಿಮೀಟರಿನ ಆಸುಪಾಸು. ಇಲ್ಲಿ ನೀರಿನ ಆಳ ಕಡಿಮೆ, ಆದ್ದರಿಂದ ಬೋರ್ಡಿನ ಅಡಿಯಲ್ಲಿರುವ ಐದು ಸೆಂಟಿಮೀಟರಿನ ರೆಕ್ಕೆ (ಫಿನ್) ಬಿಚ್ಚಿ ನಾಲ್ಕರದ್ದೋ ಇನ್ನೂ ಗಿಡ್ಡದ್ದೋ ಹಾಕಿಕೊಳ್ಳುವುದು ಜಾಣತನ. ರೆಕ್ಕೆ ಮರಳಿಗೆ ತಗುಲಿದರೆ ಬೋರ್ಡ್ ನಿಂತಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ.

ಕೈಟ್‌ಗೆ ಪಂಪ್ 7 ಪಿಎಸ್ಐ ಹತ್ತಿರ. ಮೀಟರ್ ನಂಬದಿದ್ದರೆ ಮುಂಚೂಣಿ ಕೊಳವೆಯನ್ನು (ಕೈಟಿನ ಮುಂದಿನ ಅಂಚಿನುದ್ದಕ್ಕೂ ಇರುವ ಗಾಳಿ ತುಂಬುವ ಕೊಳವೆ) ಬೆರಳಿನಿಂದ ಚಿಮ್ಮಿ ನೋಡಿ, ಟಣ್ ಎನ್ನಬೇಕು, ದೊಬ್ ಎಂದರೆ ಇನ್ನೂ ಬೇಕು. ಗಾಳಿ ಕಡಿಮೆ ತುಂಬಿದ ಕೈಟ್ ಜೋರು ಗಾಳಿಯಲ್ಲಿ ನಡುವೆ ಮಡಚಿಕೊಳ್ಳುತ್ತದೆ.

ಎಬ್ಬಿಸುವ ಜಾಗದ ಆಯ್ಕೆಗೆ ಒಂದೇ ಪ್ರಶ್ನೆ: ಗಾಳಿ ಹೋಗುವ ಕಡೆ ಏನಿದೆ? ತೆಂಗಿನ ಮರ, ಬೇಲಿ, ಒಣಹಾಕಿದ ಬಲೆ ಇದ್ದರೆ ಆ ದಡ ಬೇಡ. ನೀರಿನಲ್ಲಿ ಇಳಿದು ನಡೆದು, ಸುತ್ತ ತೆರಪಿರುವಲ್ಲಿ ಎಬ್ಬಿಸಿ. ಸಹಾಯಕ ಕೈಟ್ ಹಿಡಿದಿರುವಾಗ ಸವಾರ ಗಾಳಿಗೆ ಅಡ್ಡಲಾಗಿ ನಿಂತು, ಕೈಟಿನ ಬಟ್ಟೆ ಪಟಪಟ ಬಡಿಯುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಗಾಳಿ ಬರುವ ಕಡೆಗೆ ಸರಿಯಬೇಕು. ಬಟ್ಟೆ ಬಡಿಯುತ್ತಿರುವಾಗಲೇ ಬಿಟ್ಟರೆ ಕೈಟ್ ಕೆಳಕ್ಕುರುಳುತ್ತದೆ, ಬಹಳ ದೂರ ಸರಿದು ಬಿಟ್ಟರೆ ಪೂರ್ತಿ ಬಲದಲ್ಲಿ ಎಳೆದುಕೊಂಡು ಹೋಗುತ್ತದೆ. ಎದ್ದ ಕೈಟನ್ನು ನೇರ ನೆತ್ತಿಗೆ ತರಬೇಡಿ. ನೆತ್ತಿಯಲ್ಲಿ ನಿಂತ ಕೈಟ್ ಹುಷಾರಿನಂತೆ ಕಾಣುತ್ತದೆ, ಬೀಸು ಬಂದಾಗ ಮೇಲಕ್ಕೆತ್ತುವುದೂ ಅದೇ. ನಲವತ್ತೈದು ಡಿಗ್ರಿಯಲ್ಲಿಟ್ಟು ನೀರಿಗೆ ನಡೆಯಿರಿ.

ಮೊದಲ ಸವಾರಿ ಒಂದು ಗಂಟೆ ಸಾಕು. ಕಾಲಿಗೆ ತೆಳು ರಬ್ಬರ್ ಶೂ ಇರಲಿ, ತಳದಲ್ಲಿ ಒಡೆದ ಚಿಪ್ಪುಗಳಿರುತ್ತವೆ.

ಮೂರನೆಯ ದಿನ: ಮರಳ ದಂಡೆಯ ಪಕ್ಕದಲ್ಲಿ

ಸಮುದ್ರಕ್ಕೂ ಹಿನ್ನೀರಿಗೂ ನಡುವೆ ಇರುವುದು ಒಂದು ತೆಳ್ಳನೆಯ ಮರಳ ದಂಡೆ. ಆಚೆ ಅಲೆ ಮುರಿದು ಬೀಳುತ್ತಿರುತ್ತದೆ, ಈಚೆ ನೀರು ಕಲಕುವುದೇ ಇಲ್ಲ. ಅಲೆ ಹುಟ್ಟಲು ಗಾಳಿ ನೀರಿನ ಮೇಲೆ ಒಂದಷ್ಟು ದೂರ ಓಡಬೇಕು, ದಂಡೆಯ ಈಚೆ ಬದಿಯಲ್ಲಿ ಆ ಓಟ ಈಗಷ್ಟೇ ಶುರುವಾಗಿರುತ್ತದೆ. ದಂಡೆ ತಗ್ಗಾಗಿದ್ದು ಮರಗಿಡವಿಲ್ಲದ್ದರಿಂದ ಗಾಳಿ ಮುರಿಯದೆ ಸಮನಾಗಿ ಬರುತ್ತದೆ. ದಂಡೆಯಿಂದ ಐವತ್ತು ಮೀಟರಿನೊಳಗೆ ನೀರು ಅಂಗೈಯಷ್ಟು ಸಪಾಟು, ನೂರು ಮೀಟರ್ ದಾಟಿದರೆ ಸಣ್ಣ ಏರಿಳಿತ, ಎದುರು ದಡದ ಹತ್ತಿರ ಮೊಣಕಾಲು ಕುಲುಕುವ ಚಿಕ್ಕ ಅಲೆಗಳು.

ಇದರಲ್ಲೇ ಈ ಜಾಗದ ಸುಖವೂ ಅಪಾಯವೂ ಇದೆ. ನೀರು ಅತಿ ಸಪಾಟಾಗಿರುವಲ್ಲಿ ಗಾಳಿ ನಿಮ್ಮ ಬೆನ್ನ ಹಿಂದಿನ ದಡದಿಂದ ಹೊರಕ್ಕೆ ಬೀಸುತ್ತಿರುತ್ತದೆ. ಲೈನು ಹರಿದರೆ, ಬೋರ್ಡ್ ತಪ್ಪಿದರೆ, ಎಲ್ಲವೂ ದಂಡೆಯಿಂದ ದೂರಕ್ಕೇ ಹೋಗುತ್ತದೆ. ಕಂಡಕುಲಿಯದ ಹಿನ್ನೀರಿನಲ್ಲಿ ಆಚೆ ದಡ ಕಾಣುವಷ್ಟು ಹತ್ತಿರ, ಹೆಚ್ಚು ಕಡೆ ಸೊಂಟದಿಂದ ಎದೆಯವರೆಗಿನ ನೀರು, ಹಾಗಾಗಿ ಎಡವಟ್ಟಾದರೂ ನಡೆದು ಹೋಗಬಹುದು. ಸುಲಭದ ಜಾಗ ಎಂದು ಇದಕ್ಕೆ ಹೆಸರು ಬಂದಿರುವುದು ಸಪಾಟು ನೀರಿಗಿಂತ ಈ ಆಚೆ ದಡದಿಂದ. ಆಚೆ ದಡವಿಲ್ಲದ ಸಪಾಟು ನೀರು ಐದನೆಯ ದಿನ ಬರುತ್ತದೆ.

ಇಂದಿನ ಕೆಲಸ ಅಪ್‌ವಿಂಡ್ ಸವಾರಿ, ಅಂದರೆ ಗಾಳಿ ಬರುವ ಕಡೆಗೆ ಅಂಗುಲ ಅಂಗುಲವಾಗಿ ಏರುವುದು. ಗಡಿಯಾರದ ಲೆಕ್ಕದಲ್ಲಿ ನೆತ್ತಿ 12 ಎಂದರೆ ಬಲಕ್ಕೆ ಹೋಗುವಾಗ ಕೈಟ್ ಒಂದೂವರೆಯಲ್ಲಿರಬೇಕು, ಅಲ್ಲೇ ಅಲುಗದೆ ನಿಲ್ಲಬೇಕು. ಮಧ್ಯಮ ಮಟ್ಟದವರು ಸಾಮಾನ್ಯವಾಗಿ ಅದನ್ನು ಮೇಲೆ ಕೆಳಗೆ ಆಡಿಸುತ್ತಲೇ ಇರುತ್ತಾರೆ. ಪ್ರತಿ ಸಲ ಕೆಳಗಿಳಿಸಿದಾಗಲೂ ಎಳೆತ ಹೆಚ್ಚಿ ಬೋರ್ಡ್ ಗಾಳಿಯ ಜೊತೆ ಕೆಳಕ್ಕೆ ಓಡುತ್ತದೆ, ಗಳಿಸಿದ್ದೆಲ್ಲ ಹೋಗುತ್ತದೆ. ಎರಡನೆಯ ತಪ್ಪು ಬಾರ್ ಎಳೆದು ಹಿಡಿಯುವುದು. ಎಳೆದಷ್ಟೂ ಕೈಟ್ ಹಿಂದಕ್ಕೆ ಬಿದ್ದು ನಿಧಾನವಾಗುತ್ತದೆ. ಒಂದು ಗೇಣು ಹೊರಕ್ಕೆ ಬಿಟ್ಟರೆ ಅದು ಮುಂದೆ ಸರಿದು ಎಳೆತದ ಕೋನ ಸುಧಾರಿಸುತ್ತದೆ.

ಮೈಯ ಭಂಗಿಯಲ್ಲಿ ನೋಡಬೇಕಾದದ್ದು ಸೊಂಟ. ಕುರ್ಚಿಯಲ್ಲಿ ಕೂತಂತೆ ಸೊಂಟ ಮಡಚಿದರೆ ಹಿಮ್ಮಡಿಗೆ ಬಲ ಸಿಗುವುದಿಲ್ಲ. ಹಾರ್ನೆಸ್ಸಿನ (ಕೈಟಿನ ಎಳೆತ ಹೊರಲು ಸೊಂಟಕ್ಕೆ ಕಟ್ಟುವ ಅಗಲ ಪಟ್ಟಿ) ಕೊಕ್ಕೆಯನ್ನು ಕೈಟ್ ಕಡೆಗೆ ನೂಕಿ, ಮುಂದಿನ ಕಾಲು ನೀಡಿ, ಹಿಂದಿನ ಮೊಣಕಾಲು ಸ್ವಲ್ಪ ಬಾಗಿಸಿ, ಎರಡೂ ಹಿಮ್ಮಡಿಯಿಂದ ಬೋರ್ಡಿನ ಅಂಚನ್ನು ಒತ್ತಿ. ಮುಂದಿನ ಕೈ ಬಾರಿನಿಂದ ಬಿಟ್ಟು ಭುಜ ತೆರೆದು, ಗಾಳಿ ಬರುವ ಕಡೆ ದಂಡೆಯ ಮೇಲಿನ ಒಂದು ಗುರುತನ್ನು ದಿಟ್ಟಿಸಿ. ಕಣ್ಣು ಹೋದತ್ತ ಭುಜ, ಭುಜ ಹೋದತ್ತ ಬೋರ್ಡ್. ಕೈಟನ್ನೇ ನೋಡುತ್ತ ಹೋದವರು ಸಂಜೆ ದೂರದ ದಡದಿಂದ ಬೋರ್ಡ್ ಹೊತ್ತು ನಡೆದು ಬರುವುದು ಇಲ್ಲಿ ನಿತ್ಯದ ನೋಟ.

ವೇಗ ಬಂದ ಮೇಲೆ ಮಾತ್ರ ಅಂಚು ಒತ್ತಬೇಕು. ವೇಗವಿಲ್ಲದೆ ಒತ್ತಿದರೆ ಬೋರ್ಡ್ ಮುಳುಗುತ್ತದೆ. ಮೊದಲು ಅಡ್ಡಗಾಳಿಗೆ ಇಪ್ಪತ್ತು ಮೀಟರ್ ಸಪಾಟಾಗಿ ಓಡಿ, ಆಮೇಲೆ ನಿಧಾನವಾಗಿ ಮೇಲಕ್ಕೆ.

ಋತುವಿನಲ್ಲಿ ಇಲ್ಲಿ ಜನ ಜಾಸ್ತಿ, ಆದ್ದರಿಂದ ದಾರಿಯ ನಿಯಮ ಬಾಯಿಪಾಠವಾಗಿರಬೇಕು. ಎದುರಾದಾಗ ಬಲಗೈ ಮುಂದಾಗಿ ಬರುವವನಿಗೆ ದಾರಿ, ಎಡಗೈ ಮುಂದಾದವನು ತಪ್ಪಿಸಬೇಕು. ಗಾಳಿ ಬರುವ ಕಡೆ ಇರುವವನು ಕೈಟ್ ಮೇಲೆತ್ತಬೇಕು, ಕೆಳಗಿರುವವನು ಇಳಿಸಬೇಕು. ದಡಕ್ಕೆ ಬರುತ್ತಿರುವವನು ಹೊರಡುತ್ತಿರುವವನಿಗೆ ಬಿಡಬೇಕು.

ನಾಲ್ಕನೆಯ ದಿನ: ತಿರುವು, ಮತ್ತು ಹಾರಬೇಕೋ ಬೇಡವೋ

ಮೂರನೆಯ ದಿನ ಹೊರಟ ಜಾಗಕ್ಕೇ ಮರಳಿದವರು ತಿರುವಿಗೆ ಕೈ ಹಾಕಬಹುದು. ನಿಲ್ಲದೆ, ನೀರಿಗೆ ಕೂರದೆ ದಿಕ್ಕು ಬದಲಿಸುವುದು. ಪ್ರತಿ ತುದಿಯಲ್ಲೂ ಕೂತು ಏಳುವವರು ಪ್ರತಿ ಸಲ ಹಲವು ಮೀಟರ್ ಗಾಳಿಯ ಜೊತೆ ಜಾರುತ್ತಾರೆ, ಹಾಗಾಗಿ ತಿರುವು ಕಲಿತರೆ ಅಪ್‌ವಿಂಡ್ ತಾನಾಗಿ ಸುಧಾರಿಸುತ್ತದೆ.

ಬಲಕ್ಕೆ ಹೋಗುತ್ತಿದ್ದೀರಿ ಎನ್ನಿ. ಮೊದಲು ಹಿಂದಿನ ಕಾಲಿಗೆ ಭಾರ ಕೊಟ್ಟು ವೇಗ ಅರ್ಧಕ್ಕಿಳಿಸಿ. ಬಾರನ್ನು ಸ್ವಲ್ಪ ಹೊರಕ್ಕೆ ಬಿಟ್ಟು, ಎಡಗೈ ಮೆಲ್ಲನೆ ಎಳೆದು ಕೈಟನ್ನು ನೆತ್ತಿಯತ್ತ ತನ್ನಿ. ಕೈಟ್ 12 ದಾಟುವ ಕ್ಷಣಕ್ಕೆ ಬೋರ್ಡ್ ಸಪಾಟಾಗಿರಬೇಕು, ಭಾರ ಎರಡೂ ಕಾಲಿಗೆ ಸಮ. ಈಗ ಕೈಟನ್ನು ಎಡಕ್ಕೆ ಗಟ್ಟಿಯಾಗಿ ಇಳಿಸಿ, ಬೋರ್ಡಿನ ಎಡ ಮೂತಿಯನ್ನು ಗಾಳಿ ಹೋಗುವ ಕಡೆ ತಿರುಗಿಸಿ, ಎಳೆತ ಬಂದೊಡನೆ ಅಂಚಿಗೆ ಬನ್ನಿ. ಕೈಟ್ 12ರಲ್ಲೇ ತೂಗಾಡಿದರೆ ಮುಳುಗುತ್ತೀರಿ. ವೇಗದಲ್ಲಿರುವಾಗಲೇ ಬಾರ್ ಎಳೆದುಕೊಂಡು ಕೈಟ್ ಎತ್ತಿದರೆ ಬೇಡದ ಜಿಗಿತವಾಗುತ್ತದೆ. ನೀರು ಸಪಾಟಾಗಿರುವುದರಿಂದ ತಪ್ಪು ಎಲ್ಲಾಯಿತೆಂದು ಇಲ್ಲಿ ಕಾಲಿಗೇ ಗೊತ್ತಾಗುತ್ತದೆ. ಅಲೆಯಿರುವ ನೀರಿನಲ್ಲಿ ಬಿದ್ದದ್ದು ಅಲೆಯಿಂದಲೋ ಕೈಟಿನಿಂದಲೋ ತಿಳಿಯುವುದೇ ಇಲ್ಲ.

ಜಿಗಿತ. ಸೊಂಟಕ್ಕಿಂತ ಕಡಿಮೆ ನೀರಿನಲ್ಲಿ ಬೇಡವೇ ಬೇಡ. ದಂಡೆಯ ಪಕ್ಕದ ಕನ್ನಡಿಯಂಥ ಪಟ್ಟಿ ನೋಡಿ ಎಲ್ಲರಿಗೂ ಅಲ್ಲೇ ಹಾರುವ ಆಸೆ, ಆದರೆ ಅಲ್ಲಿ ಎಷ್ಟೋ ಕಡೆ ಮೊಣಕಾಲುದ್ದವೂ ನೀರಿಲ್ಲ. ಎದೆಮಟ್ಟದ ನೀರಿರುವ ಜಾಗವನ್ನು ಬೆಳಿಗ್ಗೆಯೇ ನಡೆದು ಗುರುತಿಸಿಕೊಳ್ಳಿ. ಇಲ್ಲಿ ಉಬ್ಬರ ಇಳಿತ ಒಂದು ಮೀಟರಿಗೂ ಕಡಿಮೆ, ಆದರೂ ಇಷ್ಟು ತೆಳು ನೀರಿನಲ್ಲಿ ಆ ಗೇಣು ಎರಡು ಗೇಣು ಲೆಕ್ಕಕ್ಕೆ ಬರುತ್ತದೆ. ಗಾಳಿ ಹೋಗುವ ಕಡೆ ಐವತ್ತು ಮೀಟರ್ ಯಾರೂ ಇರಬಾರದು. ಕೈಟನ್ನು ಒಂದರಿಂದ ಹನ್ನೊಂದರತ್ತ ಚುರುಕಾಗಿ ಕಳಿಸಿ, ಕೊನೆಯ ಕ್ಷಣದವರೆಗೂ ಅಂಚು ಬಿಡದೆ ಹಿಡಿದು, ಕೈಟ್ ನೆತ್ತಿ ದಾಟುವಾಗ ಬಾರ್ ಒಳಕ್ಕೆಳೆದು ಬೋರ್ಡಿನ ಅಂಚು ಬಿಡಿ. ಇಳಿಯುವಾಗ ಕೈಟನ್ನು ಮತ್ತೆ ಒಂದರ ಕಡೆ ಕಳಿಸಿ, ಬೋರ್ಡಿನ ಮೂತಿಯನ್ನು ಗಾಳಿ ಹೋಗುವತ್ತ ಇಟ್ಟು, ಮೊಣಕಾಲು ಮಡಚಿ ಇಳಿಯಿರಿ. ಅಂಚನ್ನು ಬೇಗ ಬಿಟ್ಟವರು ಎತ್ತರ ಹೋಗದೆ ಅಡ್ಡಡ್ಡ ಹಾರುತ್ತಾರೆ. ಕೈಟ್ ಹಿಂದೆಯೇ ಉಳಿದರೆ ಬೆನ್ನ ಮೇಲೆ ಬೀಳುತ್ತಾರೆ. ಸಪಾಟು ನೀರು ಮೇಲಿನಿಂದ ಬಿದ್ದವರಿಗೆ ಮೆದುವಾಗಿರುವುದಿಲ್ಲ.

ಐದನೆಯ ದಿನ: ವೆಲ್ಲ ದ್ವೀಪ

ಕಲ್ಪಿಟಿಯಕ್ಕೆ ಬಂದವರೆಲ್ಲ ವೆಲ್ಲದ ಫೋಟೊ ನೋಡಿಯೇ ಬಂದಿರುತ್ತಾರೆ. ಉತ್ತರಕ್ಕೆ ನೀರಿನ ನಡುವೆ ಚಾಚಿದ ಉದ್ದನೆಯ ಮರಳ ಪಟ್ಟಿ, ಅದರ ಮೇಲೆ ಮೀನುಗಾರರ ಗುಡಿಸಲುಗಳು, ಮರೆಯ ಬದಿಯಲ್ಲಿ ಎಣ್ಣೆ ಹರಡಿದಂಥ ನೀರು. ದೋಣಿಯಲ್ಲಿ ಒಂದು ಗಂಟೆಯ ಆಸುಪಾಸು. ದಾರಿಯಲ್ಲಿ ಡಚ್ಚರು 1667ರಲ್ಲಿ ಕಟ್ಟಲು ತೊಡಗಿದ ಕೋಟೆಯ ಊರು ಸಿಗುತ್ತದೆ, ಕೋಟೆ ಈಗ ನೌಕಾಪಡೆಯ ವಶದಲ್ಲಿದೆ.

ಸಪಾಟು ನೀರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ, ಮಧ್ಯಮ ಮಟ್ಟದವರಿಗೆ ಇದಕ್ಕಿಂತ ಮೋಸದ ಜಾಗವೂ ಕಷ್ಟ. ಗಾಳಿ ಪಟ್ಟಿಯನ್ನು ಅಡ್ಡಹಾಯ್ದು ತೆರೆದ ನೀರಿನತ್ತ ಬೀಸುತ್ತದೆ. ಗಾಳಿ ಹೋಗುವ ಕಡೆ ನಡೆದು ಸೇರಬಹುದಾದ ದಡ ಹತ್ತಿರದಲ್ಲಿಲ್ಲ. ಆದ್ದರಿಂದ ದೋಣಿ ಬಿಟ್ಟುಹೋಗಿ ಸಂಜೆ ಬರುವ ಏರ್ಪಾಟಿಗೆ ಒಪ್ಪಬೇಡಿ. ದರ ಮಾತಾಡುವಾಗಲೇ ದೋಣಿಯವರು ಇಡೀ ಹೊತ್ತು ಅಲ್ಲೇ ಇರಬೇಕು, ಕಣ್ಣು ನೀರಿನ ಮೇಲಿರಬೇಕು, ಕರೆದಾಗ ಎಂಜಿನ್ ಏಳಬೇಕು ಎಂದು ಸ್ಪಷ್ಟ ಮಾಡಿಕೊಳ್ಳಿ. ಈ ಭಾಗದಲ್ಲಿ ತಮಿಳು ಆಡುವವರು ಬಹಳ, ಬೆಂಗಳೂರಿನ ಅರೆಬರೆ ತಮಿಳಿಗೂ ಬೆಲೆಯಿದೆ, 'ಅಣ್ಣಾ' ಎಂದು ಮಾತು ತೆಗೆದರೆ ಸಾಕು. ಸಂಕೇತವನ್ನು ಮೊದಲೇ ತೋರಿಸಿಡಿ: ಎರಡೂ ಕೈ ಪಕ್ಕಕ್ಕೆ ಚಾಚಿ ಮೆಲ್ಲನೆ ಮೇಲೆ ಕೆಳಗೆ ಆಡಿಸಿದರೆ ಸಹಾಯ ಬೇಕೆಂದು ಅರ್ಥ.

ತಲೆಗೆ ಮೂರು ಲೀಟರ್ ನೀರು, ನೆರಳಿಗೆ ಟಾರ್ಪಾಲು, ಊಟದ ಪೊಟ್ಟಣ, ಬಿಡಿ ಲೈನು, ಹಾರ್ನೆಸ್ಸಿನಲ್ಲಿ ಲೈನು ಕತ್ತರಿಸುವ ಕೊಕ್ಕೆಚಾಕು. ದ್ವೀಪದಲ್ಲಿ ಕೊಳ್ಳಲು ಸಿಗುತ್ತದೆಂದು ನೆಚ್ಚಿಕೊಂಡು ಹೋಗುವಂತಿಲ್ಲ. ಒಣಹಾಕಿದ ಮೀನು, ಬಲೆಗಳ ಹತ್ತಿರ ಕೈಟ್ ಬಿಚ್ಚಬೇಡಿ. ಅದು ಅವರ ಅಂಗಳ.

ನೀರಿಗಿಳಿಯುವ ಮುಂಚೆ ಸ್ವಯಂ ರಕ್ಷಣೆಯ ಕ್ರಮವನ್ನು ಕಂಡಕುಲಿಯದ ಸೊಂಟಮಟ್ಟದ ನೀರಿನಲ್ಲಿ ಒಮ್ಮೆಯಾದರೂ ಮಾಡಿ ನೋಡಿರಬೇಕು. ಕ್ವಿಕ್ ರಿಲೀಸ್ (ತುರ್ತಿಗೆ ಬಾರನ್ನು ಹಾರ್ನೆಸ್ಸಿನಿಂದ ಬಿಡಿಸುವ ಕೊಂಡಿ) ನೂಕಿದರೆ ಕೈಟ್ ಒಂದೇ ಲೈನಿಗೆ ನೇತುಬಿದ್ದು ಬಲ ಕಳೆದುಕೊಳ್ಳುತ್ತದೆ. ಲೀಶ್ (ಸವಾರನನ್ನು ಆ ಲೈನಿಗೆ ಜೋಡಿಸಿರುವ ಹಗ್ಗ) ಹಿಡಿದು ಬಾರ್‌ವರೆಗೆ ಸಾಗಿ. ಮೊದಲು ಆ ಒಂದು ಸುರಕ್ಷಾ ಲೈನನ್ನು ಮಾತ್ರ ಬಾರಿಗೆ ಹಲವು ಮೀಟರ್ ಸುತ್ತಿ, ಬಾರಿನ ತುದಿಗೆ ಕುಣಿಕೆ ಹಾಕಿ ಬಿಗಿಯಿರಿ. ಈ ಒಂದು ಹೆಜ್ಜೆ ಬಿಟ್ಟು ನಾಲ್ಕೂ ಲೈನನ್ನು ಒಟ್ಟಿಗೆ ಸುತ್ತಲು ಹೋದರೆ ಕೈಟ್ ಮತ್ತೆ ಬಲ ಹಿಡಿಯುತ್ತದೆ, ಬೆರಳು ಸಿಕ್ಕಿದರೆ ಲೈನು ಚಾಕುವಿನ ಕೆಲಸ ಮಾಡುತ್ತದೆ. ಬಿಗಿದ ಮೇಲೆ ಉಳಿದದ್ದೆಲ್ಲ ಸುತ್ತುತ್ತ ಕೈಟ್ ಸೇರಿ, ಮುಂಚೂಣಿ ಕೊಳವೆಯ ಗಾಳಿ ಬಿಡದೆ ಅದರ ಮೇಲೆ ಒರಗಿ. ಬೇರೆ ಕಡೆಗಳಲ್ಲಿ ಕೈಟಿನ ಎರಡು ತುದಿ ಹಿಡಿದು ಹಾಯಿ ಮಾಡಿಕೊಂಡು ದಡ ಸೇರುತ್ತಾರೆ. ಇಲ್ಲಿ ಆ ಹಾಯಿ ಒಯ್ಯುವುದು ಇನ್ನೂ ದೂರಕ್ಕೆ. ದೋಣಿಗಾಗಿ ಕಾಯುವುದೇ ಕ್ರಮ.

ಹೊರಕ್ಕೆ ಹೋಗುವ ದೂರಕ್ಕೂ ಮಿತಿ ಇಟ್ಟುಕೊಳ್ಳಿ. ಪಟ್ಟಿಯಿಂದ ಇನ್ನೂರು ಮೀಟರಿನಾಚೆ ನೀರು ಹೇಗೂ ಕಲಕಿರುತ್ತದೆ, ಅಲ್ಲಿಗೆ ಹೋಗಿ ಸಿಗುವುದೇನೂ ಇಲ್ಲ.

ಆರನೆಯ ದಿನ: ಕಪ್ಪಲಡಿ, ಆಮೇಲೆ ಸಿಹಿನೀರು

ಕಪ್ಪಲಡಿ ಕಂಡಕುಲಿಯದ ದಕ್ಷಿಣಕ್ಕೆ, ಟುಕ್‌ಟುಕ್‌ನಲ್ಲಿ ಹೋಗಿಬರುವ ದೂರ. ಹಿನ್ನೀರು ವಿಶಾಲ, ಜನ ಕಡಿಮೆ. ಆಳ ಋತುವಿನ ಮೇಲೆ ಬದಲಾಗುವುದರಿಂದ ಕೈಟ್ ಬಿಚ್ಚುವ ಮೊದಲು ಒಂದು ಸುತ್ತು ನಡೆದು ನೋಡುವುದು ಒಳ್ಳೆಯದು. ಕಲಿತ ತಿರುವುಗಳನ್ನು ಯಾರಿಗೂ ಅಡ್ಡ ಬಾರದೆ ಉದ್ದಕ್ಕೆ ಓಡಿ ಪಳಗಿಸಲು ಇದೇ ಸರಿಯಾದ ಜಾಗ.

ಆಗಸ್ಟಿನಲ್ಲಿ ಗಾಳಿ 28 ನಾಟ್ ಮುಟ್ಟುವ ದಿನಗಳಿವೆ. 9ರ ಕೈಟಿನಲ್ಲಿ ಟ್ರಿಮ್ ಪೂರ್ತಿ ಎಳೆದು, ಬಾರ್ ಪೂರ್ತಿ ಹೊರಗಿಟ್ಟೂ ಅಂಚು ನಿಲ್ಲುತ್ತಿಲ್ಲವಾದರೆ ಹೊರಬಂದು 7 ಕಟ್ಟಿ. ಐದು ನಿಮಿಷ ತಡೆದರೆ ಗಾಳಿ ಇಳಿದೀತು ಎಂಬ ಲೆಕ್ಕ ಈ ಋತುವಿನಲ್ಲಿ ನಡೆಯುವುದಿಲ್ಲ, ಮಧ್ಯಾಹ್ನ ಅದು ಏರುವ ಹೊತ್ತು.

ಮೂರು ಗಂಟೆಗೆ ನಿಲ್ಲಿಸಿ ಸಾಮಾನು ತೊಳೆಯಿರಿ. ಕ್ವಿಕ್ ರಿಲೀಸಿನೊಳಗೆ ಸಿಹಿನೀರು ಬಿಟ್ಟು ಹತ್ತು ಸಲ ಬಿಚ್ಚಿ ಮುಚ್ಚಿ. ಮರಳು ಕೂತ ರಿಲೀಸ್ ಬೇಕಾದಾಗ ತೆರೆಯುವುದಿಲ್ಲ. ರಾತ್ರಿಯಿಡೀ ಮೆತ್ತಗಾಗುವ ಕೈಟ್ ಇದ್ದರೆ ತೂತು ಹುಡುಕುವ ಮೊದಲು ದೊಡ್ಡ ವಾಲ್ವಿನ ರಬ್ಬರ್ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಒಂದು ಮರಳ ಕಣ ಅಲ್ಲಿ ಕೂತಿದ್ದರೂ ಗಾಳಿ ಸೋರುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ಅದಾಗಿಯೂ ಸೋರಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿ, ಆ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಪೂರ್ತಿ ಒಣಗಿದ ಮೇಲೆ ಪ್ಯಾಚ್ ಅಂಟಿಸಬೇಕು.

ಕೈಟಿನ ಬಟ್ಟೆ ನೆರಳಿನಲ್ಲಿ ಒಣಗಲಿ. ದಡದ ಬಿಸಿಲಿನಲ್ಲಿ ಗಾಳಿಗೆ ಪಟಪಟ ಬಡಿಯುತ್ತ ಬಿದ್ದಿರುವ ಕೈಟ್ ಸವಾರಿಗಿಂತ ಬೇಗ ಸವೆಯುತ್ತದೆ. ಒದ್ದೆ ಹಾರ್ನೆಸ್, ಒದ್ದೆ ಶೂ ಸೇರಿದರೆ ಬ್ಯಾಗಿನ ತೂಕ ಎರಡು ಮೂರು ಕಿಲೋ ಏರುತ್ತದೆ, ಆದ್ದರಿಂದ ಅವನ್ನು ಮೊದಲು ತೊಳೆದು ಹಗ್ಗಕ್ಕೆ ಹಾಕಿ. ಬೋರ್ಡಿನ ರೆಕ್ಕೆ, ಕಾಲುಪಟ್ಟಿ ಬಿಚ್ಚಿ ತಿರುಪುಗಳನ್ನು ಡಬ್ಬಿಯಲ್ಲಿಡಿ, ಬೋರ್ಡನ್ನು ಎರಡು ಕೈಟುಗಳ ನಡುವೆ ಇಟ್ಟು ಕಟ್ಟಿ. ಬೆಳಗಿನ ವಿಮಾನವಿದ್ದರೆ ಕಲ್ಪಿಟಿಯದಿಂದ ರಾತ್ರಿಯೇ ಹೊರಟು ನೆಗೊಂಬೊದಲ್ಲಿ ತಂಗುವುದು ಅನುಕೂಲ, ಅಲ್ಲಿಂದ ಕಟುನಾಯಕ ಅರ್ಧ ಗಂಟೆಯೊಳಗಿನ ದಾರಿ.